ವಿಕ್ಸ್ ನೋಡಿ ಕೊಳ್ಳುವುದು: ನನ್ನ ಅನುಭವ

ಇಂಡಿಯಾ ವಿಕ್ಸ್ ಅಂದರೆ ಶೇರುಪೇಟೆಯ ಭಯ ಅಳೆಯುವ ಸೂಚ್ಯಂಕ. ಅದು ಏರಿದಷ್ಟೂ, ಅಂದರೆ ಜನ ಹೆದರಿದಷ್ಟೂ, ಕಂತು ಕಂತಾಗಿ ಕೊಳ್ಳುವ ನನ್ನ ಕ್ರಮವನ್ನು 2019ರವರೆಗೆ ಯಾರೂ ಒಪ್ಪಿರಲಿಲ್ಲ. "ಬೀಳೋ ಮಾರ್ಕೆಟ್‌ಗೆ ಯಾಕಯ್ಯಾ ದುಡ್ಡು ಸುರೀತೀಯ?" ಅಂತ ಭಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಅವರ ಮಾತಿಗೆ ಆಧಾರವೂ ಇತ್ತು. 2018ರ ಜನವರಿಯಿಂದ ಸ್ಮಾಲ್‌ಕ್ಯಾಪ್‌ಗಳು, ಅಂದರೆ ಸಣ್ಣ ಕಂಪನಿಗಳ ಶೇರುಗಳು, ಜಾರುತ್ತಲೇ ಹೋದವು. ಇಂಡಿಯಾ ವಿಕ್ಸ್ ಮಾತ್ರ ಇಪ್ಪತ್ತರ ಆಸುಪಾಸಿಗೆ ಬಂದು ಬಂದು ಇಳಿಯುತ್ತಿತ್ತು. ಅಷ್ಟು ನೋಡಿಯೇ ಸ್ಮಾಲ್‌ಕ್ಯಾಪ್‌ಗೆ ಹಾಕಿದ ಒಂದೂವರೆ ಲಕ್ಷ ಹೆಚ್ಚುಕಡಿಮೆ ಒಂದು ಲಕ್ಷಕ್ಕೆ ಬಂದು ನಿಂತಿತು. ವಿಕ್ಸ್ ಹುಟ್ಟುವುದೇ ನಿಫ್ಟಿ (ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ) ಆಪ್ಷನ್‌ಗಳ, ಅಂದರೆ ಅದರ ಮುಂದಿನ ಏರಿಳಿತದ ಮೇಲಿನ ಒಪ್ಪಂದಗಳ, ಬೆಲೆಯಿಂದ. ಸಣ್ಣ ಕಂಪನಿಗಳ ನೋವು ಅದಕ್ಕೆ ತಟ್ಟುವುದೇ ಇಲ್ಲ.

ಅಲ್ಲಿಂದ ಮುಂದೆ ವಿಕ್ಸ್ ಲೆಕ್ಕವನ್ನು ನಿಫ್ಟಿಯನ್ನೇ ಅನುಸರಿಸುವ ಇಂಡೆಕ್ಸ್ ಫಂಡ್‌ಗೆ ಮಾತ್ರ ಇಟ್ಟುಕೊಂಡೆ. ಬೇಕೆಂದಾಗ ಬೇಗ ಹಣ ತೆಗೆಯಬಹುದಾದ ಲಿಕ್ವಿಡ್ ಫಂಡ್‌ನಲ್ಲಿ ನಾಲ್ಕು ಲಕ್ಷದಷ್ಟು ಕಾದಿರಿಸಿದೆ. 2020ರ ಮಾರ್ಚ್‌ನಲ್ಲಿ ವಿಕ್ಸ್ ನಲವತ್ತು ದಾಟಿದಾಗ ಮೊದಲ ಕಂತು ಹೋಯಿತು. 23ರಂದು ಲೋವರ್ ಸರ್ಕ್ಯೂಟ್ (ಕುಸಿತದ ಮಿತಿ) ಬಿದ್ದು ಸ್ವಲ್ಪ ಹೊತ್ತು ವಹಿವಾಟೇ ನಿಂತಿತು, ನಿಫ್ಟಿ 7,610ಕ್ಕೆ ಮುಗಿಯಿತು. ಮರುದಿನ ವಿಕ್ಸ್ ಎಂಬತ್ತರ ಮೇಲೆ! ಗೆಳೆಯರು ತಮ್ಮ ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ನಿಯಮಿತವಾಗಿ ಕಟ್ಟುವ ಕಂತು) ನಿಲ್ಲಿಸುತ್ತಿದ್ದ ಆ ವಾರವೇ ನನ್ನ ಕೊನೆಯ ಕಂತು ಹೋದದ್ದು. ಕೊಂಡ ಸರಾಸರಿ ನಿಫ್ಟಿ 8,500ರ ಹತ್ತಿರ ಬಿತ್ತು. ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಎತ್ತರ ದಾಟಿದಾಗ ಆ ನಾಲ್ಕು ಲಕ್ಷ ಆರರ ಸಮೀಪ ಬಂದಿತ್ತು. ಭಾವ ಈಗ ಕಂತು ಯಾವಾಗ ಅಂತ ನನ್ನನ್ನೇ ಕೇಳುತ್ತಾರೆ. ನಡುವಿನ ಕಂತುಗಳ ಮಟ್ಟವನ್ನೂ ಮಾರುವ ಗುರುತನ್ನೂ ಅವರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಇನ್ನೊಂದು ಪ್ರಯೋಗ ಮಾಡಿದೆ. ಶೇರುಗಳ ಲೆಕ್ಕದ ಶೀಟ್‌ನಲ್ಲಿ ಕೊಂಡ ಬೆಲೆಯ ಕಾಲಂ ಅಡಗಿಸಿಟ್ಟೆ. "ಅಸಲು ಬರಲಿ, ಆಮೇಲೆ ಮಾರೋಣ" ಅಂತ ವರ್ಷಗಟ್ಟಲೆ ಕೂತಿದ್ದ ಮೂರ್ನಾಲ್ಕು ಶೇರುಗಳು ಒಂದೇ ತಿಂಗಳಲ್ಲಿ ಮಾರಿ ಖಾಲಿಯಾದವು. ಮಾರ್ಚ್‌ನಲ್ಲಿ ತೆರಿಗೆಗೆ ಆ ಕಾಲಂ ತೆರೆಯಲೇಬೇಕು, ಅಷ್ಟೇ ತೊಂದರೆ.

2024ರ ಜೂನ್ 4ರಂದು, ಚುನಾವಣಾ ಫಲಿತಾಂಶದ ದಿನ, ನಿಫ್ಟಿ ಶೇ. 6ರಷ್ಟು ಬಿದ್ದಾಗ ಒಂದು ಸಣ್ಣ ಕಂತು ಸಿಕ್ಕಿತು. ಅದೇ ವಾರ ಕುಸಿತ ಪೂರ್ತಿ ತುಂಬಿಕೊಂಡಿತು.

ಸ್ಮಾಲ್‌ಕ್ಯಾಪ್‌ಗೆ ಈಗ ನೋಡುವುದು ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟ ಆಂಫಿ ಕೊಡುವ ಎಸ್‌ಐಪಿ ಅಂಕಿ. 2025ರ ಜನವರಿಯಲ್ಲಿ ಹೊಸದಾಗಿ ಶುರುವಾದವಕ್ಕಿಂತ ನಿಂತುಹೋದವೇ ಜಾಸ್ತಿ, ಅಂದರೆ ಜನ ಹೆದರಿದ್ದರು. ಅದು ಪ್ರಕಟವಾದ ಮೇಲೆ ಕೊಂಡದ್ದು ಜೂನ್ ಹೊತ್ತಿಗೆ ಶೇ. 15-20 ಏರಿತ್ತು. ಒಂದೇ ಸಲದ ಫಲ ಇದು, ಆದ್ದರಿಂದ ಅದಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಇನ್ನೂ ಹಾಕಿಲ್ಲ.