ಕಚ್ಚಾ ತೈಲ, ಕ್ಲೋರೆಲ್ಲಾ: ನಾನು ಮಾಡುವ ಕ್ರಮ

ಕಚ್ಚಾ ತೈಲ ಬೆರೆತ ನೀರಿನಲ್ಲಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿಯೊಂದೇ ಎಣ್ಣೆ ತಿಂದು ನೀರು ಶುದ್ಧ ಮಾಡುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಕೆಲಸ ಜೊತೆಗಿರುವ ಬ್ಯಾಕ್ಟೀರಿಯಾಗಳದ್ದು. ಅವಕ್ಕೆ ಬೇಕಾದ ಆಮ್ಲಜನಕವನ್ನು ಪಾಚಿ ಕೊಡುತ್ತದೆ, ಅವು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದಕ್ಕೇ ನಾನು ಎರಡನ್ನೂ ಜೋಡಿಯಾಗಿ ಬೆಳೆಸುತ್ತೇನೆ.

ತಾಜಾ ಕಚ್ಚಾ ತೈಲವನ್ನು ಹಾಗೇ ಸುರಿಯಬಾರದು. ಅದರಲ್ಲಿರುವ ಬೆಂಜೀನ್, ಟಾಲುಯೀನ್ ಕೋಶದ ಪೊರೆ ಕೆಡಿಸಿ ಪಾಚಿ ಬಿಳಿಚಿಕೊಳ್ಳುವಂತೆ ಮಾಡುತ್ತವೆ. ಫ್ಯೂಮ್ ಹುಡ್ (ವಿಷಾವಿಯನ್ನು ಹೊರಗೆಳೆಯುವ ಕಪಾಟು) ಒಳಗೆ ಬಾಯಿ ತೆರೆದ ಬೀಕರಿನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಕಲಕುತ್ತಿರಬೇಕು.

500 ಮಿ.ಲೀ. ಫ್ಲಾಸ್ಕಿಗೆ 225 ಮಿ.ಲೀ. ಬಿಜಿ-11 (ಪಾಚಿ ಬೆಳೆಸುವ ಲವಣಗಳ) ದ್ರಾವಣ, ಚುರುಕಾಗಿ ಬೆಳೆಯುತ್ತಿರುವ ಕ್ಲೋರೆಲ್ಲಾ ವಲ್ಗ್ಯಾರಿಸ್ 25 ಮಿ.ಲೀ., ಹೀಗೆ ಆವಿ ಹೋಗಿಸಿ ಹದ ಮಾಡಿದ ಎಣ್ಣೆ 250 ಮಿ.ಗ್ರಾಂ. ಇದಕ್ಕಿಂತ ಹೆಚ್ಚು ಹಾಕಿದರೆ ಮೇಲೆ ಪದರ ಕಟ್ಟಿ ಬೆಳಕು ಒಳಗಿಳಿಯುವುದಿಲ್ಲ. ಬ್ಯಾಕ್ಟೀರಿಯಾ ಬೇಕಾದರೆ ಗ್ಯಾರೇಜಿನ ಎಣ್ಣೆ ಕುಡಿದ ಮಣ್ಣು ಸಾಕು: ಅದೇ ದ್ರಾವಣದಲ್ಲಿ ಎಣ್ಣೆಯೊಂದನ್ನೇ ಆಹಾರವಾಗಿ ಕೊಟ್ಟು ಮೂರು ಸಲ ಹೊಸ ಫ್ಲಾಸ್ಕಿಗೆ ದಾಟಿಸಿ, ಕೊನೆಯದರಿಂದ 2.5 ಮಿ.ಲೀ. ತೆಗೆದುಕೊಳ್ಳಿ. 25ರಿಂದ 28 ಡಿಗ್ರಿ ಸೆಲ್ಸಿಯಸ್, ದಿನಕ್ಕೆ 12 ಗಂಟೆ ಬೆಳಕು. ಶೇಕರಿನಲ್ಲಿಡಬೇಡಿ, ಗಾಳಿಯ ಆಮ್ಲಜನಕವೇ ಸಾಕಾಗಿಬಿಟ್ಟರೆ ಪಾಚಿಯ ಪಾಲು ಎಷ್ಟೆಂದು ಗೊತ್ತಾಗುವುದಿಲ್ಲ. ದಿನಕ್ಕೆರಡು ಸಲ ಕೈಯಲ್ಲಿ ಕುಲುಕಿದರಾಯಿತು. ಎಣ್ಣೆ ಹನಿಗಳಿಂದ ನೀರು ಮಬ್ಬಾಗುವುದರಿಂದ ಪಾಚಿ ಎಷ್ಟು ಬೆಳೆಯಿತೆಂದು ತಿಳಿಯಲು ಆಪ್ಟಿಕಲ್ ಡೆನ್ಸಿಟಿ (ನೀರು ಎಷ್ಟು ಬೆಳಕು ತಡೆಯುತ್ತದೆಂಬ ಅಳತೆ) ನಂಬುವಂತಿಲ್ಲ, ಹೀಮೋಸೈಟೋಮೀಟರಿನಲ್ಲಿ (ಗೆರೆ ಹಾಕಿದ ಎಣಿಕೆಯ ಗಾಜು) ಕೋಶ ಎಣಿಸಬೇಕು.

ಹೋಲಿಕೆಯ ಫ್ಲಾಸ್ಕುಗಳಿಲ್ಲದ ಪ್ರಯೋಗಕ್ಕೆ ಬೆಲೆಯಿಲ್ಲ. ಎಣ್ಣೆ ಮಾತ್ರ ಇರುವುದು, ಆಟೋಕ್ಲೇವ್ ಮಾಡಿದ ಸತ್ತ ಪಾಚಿಯದು, ಪಾಚಿಯೊಂದೇ, ಬ್ಯಾಕ್ಟೀರಿಯಾ ಒಂದೇ, ಎರಡೂ ಸೇರಿದ್ದು, ಅದೇ ಜೋಡಿಗೆ ಫಾಯಿಲ್ ಸುತ್ತಿ ಕತ್ತಲಲ್ಲಿಟ್ಟದ್ದು. ಸತ್ತ ಪಾಚಿಯ ಫ್ಲಾಸ್ಕಿನಲ್ಲೂ ನೀರು ತಿಳಿಯಾಗುತ್ತದೆ, ಏಕೆಂದರೆ ಎಣ್ಣೆ ಕೋಶಗಳಿಗೆ ಅಂಟಿಕೊಂಡು ತಳ ಸೇರಿರುತ್ತದೆ. ಕಣ್ಣಿಗೆ ಕಾಣದಾದ ಎಣ್ಣೆ ಒಡೆದುಹೋದ ಎಣ್ಣೆಯಲ್ಲ.

ಆದ್ದರಿಂದ ಉಳಿದ ಎಣ್ಣೆ ಅಳೆಯಲು 14 ಮತ್ತು 28ನೇ ದಿನ ಪಿಪೆಟ್ಟಿನಲ್ಲಿ ಸ್ವಲ್ಪ ತೆಗೆಯದೆ ಇಡೀ ಫ್ಲಾಸ್ಕನ್ನೇ ಬಳಸುತ್ತೇನೆ. ಕೋಶಗಳನ್ನೂ ಸೇರಿಸಿ 50 ಮಿ.ಲೀ. ಹೆಕ್ಸೇನಿನಿಂದ (ಎಣ್ಣೆ ಕರಗಿಸುವ ದ್ರಾವಕ) ಮೂರು ಸಲ ಎಣ್ಣೆಯನ್ನು ಎಳೆದು, ಗಾಜಿನ ಗೋಡೆಯನ್ನೂ ಹೆಕ್ಸೇನಿನಲ್ಲೇ ತೊಳೆಯಬೇಕು. ನಡುವೆ ನೊರೆಯಂಥ ಪದರ ನಿಂತರೆ ಚಿಟಿಕೆ ಉಪ್ಪು ಹಾಕಿ ಕಾಯಿರಿ. ಹೆಕ್ಸೇನ್ ಹಸಿರಾಗಿದ್ದರೆ ಕ್ಲೋರೊಫಿಲ್ ಬಂದಿದೆ. ಹಾಗೇ ತೂಗಿದರೆ ಅದೂ ಎಣ್ಣೆಯ ಲೆಕ್ಕಕ್ಕೆ ಸೇರುತ್ತದೆ. ಸಿಲಿಕಾ ಜೆಲ್ ಕಾಲಮ್ಮಿನಲ್ಲಿ ಇಳಿಸಿ ಹಸಿರನ್ನು ಮೇಲೆಯೇ ತಡೆಯಬೇಕು, ಎಲ್ಲ ಫ್ಲಾಸ್ಕುಗಳಿಗೂ ಹಾಗೆಯೇ ಮಾಡಬೇಕು.

ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ (ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ನಾನು ನೋಡುವುದು ಸಿ18 (18 ಇಂಗಾಲದ ಹೈಡ್ರೋಕಾರ್ಬನ್) ಮತ್ತು ಫೈಟೇನ್ ಎಂಬ ಇನ್ನೊಂದು ಹೈಡ್ರೋಕಾರ್ಬನ್ನಿನ ಅನುಪಾತ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಆವಿಯಾಗುತ್ತವೆ. ಸೂಕ್ಷ್ಮಜೀವಿಗಳು ಮಾತ್ರ ನೇರ ಸರಪಳಿಯ ಸಿ18ನ್ನು ಮೊದಲು ತಿನ್ನುತ್ತವೆ, ಕವಲಿರುವ ಫೈಟೇನ್ ಉಳಿಯುತ್ತದೆ. ಅನುಪಾತ ಇಳಿದರೆ ಜೀವಿಗಳು ಕೆಲಸ ಮಾಡಿವೆ. ಇದೇ ರೀತಿ ಹೋಲಿಸುವ ಸಿ17 ಮತ್ತು ಕವಲಿರುವ ಪ್ರಿಸ್ಟೇನ್ ಜೋಡಿಯನ್ನು ಇಲ್ಲಿ ಬಳಸಬೇಡಿ. ಕ್ಲೋರೆಲ್ಲಾ ತಾನೇ 17 ಇಂಗಾಲದ ಹೈಡ್ರೋಕಾರ್ಬನ್ನುಗಳನ್ನು ತಯಾರಿಸುತ್ತದೆ. ಅವನ್ನು ತಯಾರಿಸುವ, ಬೆಳಕಿನಲ್ಲಿ ಮಾತ್ರ ದುಡಿಯುವ ಕಿಣ್ವವನ್ನು 2017ರಲ್ಲಿ ವರದಿ ಮಾಡಲಾಯಿತು.

ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಬಂದು ಬೀಳುವ ಡಾಂಬರು ಉಂಡೆಗಳಿಗೆ ಈ ಕ್ರಮ ಹೊಂದುವುದಿಲ್ಲ. ಇದು ಸಿಹಿನೀರಿನ ಪಾಚಿ. ಕಡಲ ನೀರಿಗಾದರೆ ಟೆಟ್ರಾಸೆಲ್ಮಿಸ್‌ನಂಥ ಕಡಲ ಪಾಚಿ ಬೇಕು. ಬಳಸಿ ಉಳಿದ ಪಾಚಿಯನ್ನು ಗೊಬ್ಬರಕ್ಕಾಗಲಿ ಮೇವಿಗಾಗಲಿ ದಯವಿಟ್ಟು ಕೊಡಬೇಡಿ. ಅದಕ್ಕಂಟಿದ ಎಣ್ಣೆಯಲ್ಲಿ ಕ್ಯಾನ್ಸರ್‌ಕಾರಕ ಪಿಎಎಚ್‌ಗಳಿರುತ್ತವೆ (ಹಲವು ಉಂಗುರಗಳ ಹೈಡ್ರೋಕಾರ್ಬನ್ನುಗಳು). ಅಪಾಯಕಾರಿ ತ್ಯಾಜ್ಯದ ಜೊತೆಗೇ ಕಳಿಸಬೇಕು.