ಹಾಡಹಗಲಲ್ಲಿ ಹೊರಟ ರಕ್ತಪಿಶಾಚಿ

ನಮ್ಮ ಚಿತ್ರ ಸಮಾಜದ ಮೂವತ್ತು ಕುರ್ಚಿಗಳ ಕೋಣೆಯಲ್ಲಿ ಮುರ್ನಾವ್ ನಿರ್ದೇಶನದ ‘ನೊಸ್ಫೆರಾಟು’ (1922) ಚಿತ್ರವನ್ನು ಕನ್ನಡ ಅಡಿಬರಹದೊಂದಿಗೆ ತೋರಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಮೂಕಿ ಚಿತ್ರವಾದ್ದರಿಂದ ವಾರದೊಳಗೆ ಮುಗಿದೀತೆಂದು ಎಣಿಸಿದ್ದವನು ಒಂದೇ ಪದದ ಮುಂದೆ ಎರಡು ದಿನ ಕೂತೆ. ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕ್ ತನ್ನ ಅತಿಥಿಯ ಹೆಂಡತಿಯ ಪುಟ್ಟ ಭಾವಚಿತ್ರವನ್ನು ಕೈಗೆತ್ತಿಕೊಂಡು ಆಕೆಯ ಕತ್ತಿನ ಚೆಲುವನ್ನು ಹೊಗಳುತ್ತಾನೆ. ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಜರ್ಮನ್ ಫಲಕದಲ್ಲಿರುವುದು ‘ಹಾಲ್ಸ್’ ಎಂಬ ದಿನಬಳಕೆಯ ಪದ. ‘ಕುತ್ತಿಗೆ’ ಎಂದರೆ ಕೊಯ್ಯುವ ಕತ್ತಿಯೂ ಜೊತೆಗೇ ಬರುತ್ತದೆ. ‘ಕಂಠ’ ಎಂದರೆ ಆಕೆಯ ಹಾಡನ್ನು ಮೆಚ್ಚಿದಂತಾಗುತ್ತದೆ. ಕೊನೆಗೆ ‘ಕೊರಳು’ ಎಂದು ಬರೆದೆ. ಸರ ತೊಡಿಸುವವನ ಸೌಜನ್ಯದಲ್ಲಿ ಅವನ ಹಸಿವು ಅಡಗಿಕೊಳ್ಳಲಿ ಎಂಬುದು ನನ್ನ ಲೆಕ್ಕವಾಗಿತ್ತು.

ಪದಕ್ಕೆ ಇಷ್ಟು ತಲೆಕೆಡಿಸಿಕೊಂಡವನು ಪ್ರತಿಯ ಆಯ್ಕೆಯಲ್ಲಿ ಎಡವಿದೆ. ಸುಲಭಕ್ಕೆ ಸಿಕ್ಕ ಕಪ್ಪು-ಬಿಳುಪು ಪ್ರತಿಯಲ್ಲಿ, ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಊರೊಳಗೆ ನಡೆದುಬರುವಾಗ ಬೀದಿಯ ತುಂಬ ಹಗಲ ಬೆಳಕಿತ್ತು. ಬಿಸಿಲಿಗೆ ಸಾಯಬೇಕಾದವನ ಈ ಧೈರ್ಯಕ್ಕೆ ಹಿಂದಿನ ಸಾಲು ಗೊಳ್ಳೆಂದು ನಕ್ಕಿತು. ನಕ್ಕವರದು ತಪ್ಪಲ್ಲ. ಕೈಯಲ್ಲಿ ಹೆಚ್ಚು ಹಣವಿಲ್ಲದೆ, ಒಂದೇ ಕ್ಯಾಮೆರಾದಲ್ಲಿ ತೆಗೆದ ಈ ಚಿತ್ರದ ಹೊರಾಂಗಣ ರಾತ್ರಿಗಳು ಹಗಲಲ್ಲಿ ಚಿತ್ರೀಕರಿಸಿ, ಆಮೇಲೆ ಫಿಲ್ಮನ್ನು ನೀಲಿ ಬಣ್ಣದಲ್ಲಿ ಅದ್ದಿ ಮಾಡಿದವು. ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ಅವರ ಪತ್ನಿ ಹೂಡಿದ ದಾವೆಯಲ್ಲಿ, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಹೊರದೇಶಗಳಲ್ಲಿ ಉಳಿದ ಪ್ರತಿಗಳಿಂದ ಚಿತ್ರವೇನೋ ಬದುಕಿತು, ಆದರೆ ನಕಲಿನ ನಕಲುಗಳಲ್ಲಿ ಆ ನೀಲಿ ಕಳಚಿಹೋಯಿತು. ನೀಲಿ ಹೋದರೆ ಇಲ್ಲಿ ರಾತ್ರಿಯೇ ಇಲ್ಲ.

ಮುಂದಿನ ಪ್ರದರ್ಶನಕ್ಕೆ ಬಣ್ಣ ಮರಳಿಸಿದ ಪ್ರತಿಯನ್ನು ತಂದೆ. ಅದು ಸೆಕೆಂಡಿಗೆ 18 ಚೌಕಟ್ಟುಗಳ ಓಟದ್ದಾದ್ದರಿಂದ, ಹಳೆಯ ಪ್ರತಿಯ 24ರ ವೇಗಕ್ಕೆ ಹೊಂದಿಸಿದ್ದ ಅಡಿಬರಹಗಳ ಸಮಯವನ್ನೆಲ್ಲ ಮೊದಲಿನಿಂದ ಕೂಡಿಸಬೇಕಾಯಿತು. ಬೇಸರದ ಕೆಲಸವಾದರೂ ಒಂದು ಸಂಗತಿ ಹೊಳೆಯಿತು: ಓರ್ಲಾಕ್‌ನ ಕುದುರೆಗಾಡಿಯನ್ನು ಬೇಕೆಂದೇ ಜಿಗಿಜಿಗಿದು ಓಡುವಂತೆ ತೆಗೆದಿದ್ದಾರೆ, ಆದರೆ ಹಳೆಯ ಪ್ರತಿಯ ಹೆಚ್ಚಿನ ವೇಗದಲ್ಲಿ ಮನುಷ್ಯರೂ ಹಾಗೇ ಓಡುತ್ತಿದ್ದುದರಿಂದ ಆ ಗಾಡಿಯ ವಿಚಿತ್ರ ನಮಗೆ ಕಂಡೇ ಇರಲಿಲ್ಲ.

ಆ ಸಂಜೆ ನೀಲಿ ಬೀದಿಯಲ್ಲಿ ಶವಪೆಟ್ಟಿಗೆ ಬಂದಾಗ ಯಾರೂ ನಗಲಿಲ್ಲ. ಕುದುರೆಗಾಡಿಗೆ ಮಾತ್ರ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ.