ಲೀಶ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ: ಡಾಗ್ ಪಾರ್ಕಿನಲ್ಲಿ ಆಕ್ರಮಣಕಾರಿ ನಾಯಿಯ ಮಾಲೀಕರ ಹೊಣೆ

ನಾಯಿಗಳನ್ನು ಲೀಶ್ ಇಲ್ಲದೆ ಓಡಾಡಲು ಬಿಡುವ ಡಾಗ್ ಪಾರ್ಕುಗಳಲ್ಲಿ ಕಾದಾಟವಾದಾಗಲೆಲ್ಲ ಸಾಮಾನ್ಯವಾಗಿ ಕೇಳಿಬರುವ ಮಾತು, ‘ನಮ್ಮ ನಾಯಿ ಇದುವರೆಗೆ ಹೀಗೆ ಮಾಡಿದ್ದೇ ಇಲ್ಲ’ ಎಂಬುದು. ಆ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಬಾಯಿ ಹಾಕುವ ಮೊದಲು ನಾಯಿ ಕೊಟ್ಟ ಸೂಚನೆಗಳು ಮಾಲೀಕರ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದನ್ನೂ ಅದು ಅನೇಕ ಸಲ ಹೇಳುತ್ತಿರುತ್ತದೆ. ಗಾಯವಾದ ಮೇಲೆ ಕ್ಷಮೆ ಕೇಳುವುದು, ಚಿಕಿತ್ಸೆಯ ಖರ್ಚು ಭರಿಸುವುದು ಇವೆಲ್ಲ ಹೊಣೆಯ ಕೊನೆಯ ಮತ್ತು ಚಿಕ್ಕ ಪಾಲು. ದೊಡ್ಡ ಪಾಲು ಗೇಟು ದಾಟುವ ಮೊದಲೇ ತೀರ್ಮಾನವಾಗಬೇಕಾದದ್ದು, ಮಿಕ್ಕದ್ದು ಮೊದಲ ಸೂಚನೆ ಕಂಡ ಕ್ಷಣದಲ್ಲೇ ನಿಭಾಯಿಸಬೇಕಾದದ್ದು.

ಕರೆತರಬೇಕೇ, ಬೇಡವೇ

ಇನ್ನೊಂದು ನಾಯಿಯನ್ನಾಗಲಿ ಮನುಷ್ಯರನ್ನಾಗಲಿ ಕಚ್ಚಿ ಗಾಯ ಮಾಡಿರುವ ನಾಯಿಗೆ ಇಂಥ ಪಾರ್ಕು ತಕ್ಕ ಜಾಗವಲ್ಲ. ಚೆಂಡು, ತಿನಿಸು ಅಥವಾ ಮಾಲೀಕರ ಬಳಿ ಬೇರೆ ನಾಯಿ ಸುಳಿದರೆ ಮೇಲೆ ಬೀಳುವ ನಾಯಿಯ ವಿಷಯದಲ್ಲೂ ಇದೇ ಮಾತು. ಬೆದೆಗೆ ಬಂದ ಹೆಣ್ಣುನಾಯಿ, ಲಸಿಕೆಗಳು ಪೂರ್ಣಗೊಳ್ಳದ ಮರಿ, ಹುಷಾರಿಲ್ಲದ ನಾಯಿ ಇವುಗಳನ್ನು ಕರೆತರಬಾರದೆಂಬುದು ಬಹುತೇಕರಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ತಪ್ಪುವುದು ಅಂಜುಬುರುಕ ನಾಯಿಯ ವಿಷಯದಲ್ಲಿ. ‘ನಾಲ್ಕು ನಾಯಿಗಳ ಜೊತೆ ಬೆರೆತರೆ ಸರಿಹೋಗುತ್ತದೆ’ ಎಂಬ ಆಸೆಯಿಂದ ಅದನ್ನು ಗುಂಪಿನ ನಡುವೆ ಬಿಡುತ್ತಾರೆ. ನಾಯಿಗಳ ಆಕ್ರಮಣದ ಹಿಂದೆ ಬಹಳ ಸಲ ಇರುವುದು ಭಯವೇ. ಹಿಂದೆ ಸರಿಯಲು ದಾರಿ ಸಿಗದ ನಾಯಿ ಒಮ್ಮೆ ಗುರುಗುಟ್ಟಿ ಎಗರಿದಾಗ ಎದುರಿನದು ದೂರ ಸರಿದರೆ, ಎಗರುವುದೇ ಪಾರಾಗುವ ಉಪಾಯವೆಂದು ಅದು ಕಲಿತುಬಿಡುತ್ತದೆ. ಪ್ರತಿ ಭೇಟಿಯೂ ಆ ಪಾಠವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಮರಿಯಾಗಿದ್ದಾಗ ಎಲ್ಲರೊಡನೆ ಆಡುತ್ತಿದ್ದ ನಾಯಿ ಒಂದರಿಂದ ಮೂರು ವರ್ಷದ ವಯಸ್ಸಿನಲ್ಲಿ, ಅಂದರೆ ಪ್ರೌಢವಾಗುವ ಹಂತದಲ್ಲಿ, ಅಪರಿಚಿತ ನಾಯಿಗಳನ್ನು ಸಹಿಸದೇ ಹೋಗುವುದು ಅಪರೂಪವೇನಲ್ಲ. ಅದು ಕೆಟ್ಟುಹೋಯಿತೆಂದು ಭಾವಿಸಬೇಕಾಗಿಲ್ಲ. ಹತ್ತಾರು ಅಪರಿಚಿತರೊಡನೆ ಆಡುವುದು ಬೆಳೆದ ಪ್ರತಿಯೊಂದು ನಾಯಿಗೂ ಬೇಕಾದ ಸುಖವೇ ಅಲ್ಲ. ಆದರೆ ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ತರಬೇತುದಾರರಿಗಿಂತ ಮೊದಲು ಪಶುವೈದ್ಯರನ್ನು ಕಾಣಬೇಕು. ಕಿವಿಯ ಸೋಂಕು, ಕೀಲುನೋವು, ಹಲ್ಲುನೋವು ಇಂಥವು ನಾಯಿಯ ಸಹನೆಯನ್ನು ಕಿತ್ತುಕೊಳ್ಳುತ್ತವೆ, ಮತ್ತು ನಾಯಿಗಳು ನೋವನ್ನು ಹೊರಗೆ ತೋರಿಸಿಕೊಳ್ಳುವುದು ಕಡಿಮೆ.

ಬಾಯಿಕುಕ್ಕೆ ಹಾಕಿ ಕರೆತಂದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಬುಟ್ಟಿಯಾಕಾರದ ಕುಕ್ಕೆ ಒಳ್ಳೆಯ ಸಾಧನವೇ. ಅದನ್ನು ಹಾಕಿಕೊಂಡ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿಯನ್ನು ಬಿಗಿಯಾಗಿ ಮುಚ್ಚಿಬಿಡುವ ಬಟ್ಟೆಯ ಪಟ್ಟಿಯಲ್ಲಿ ಓಡಾಡಿಸಿದರೆ ಮೈಯ ಬಿಸಿ ಇಳಿಯದೆ ಅಪಾಯವಾಗುತ್ತದೆ. ಆದರೆ ಕುಕ್ಕೆ ತಡೆಯುವುದು ಕಚ್ಚುವುದನ್ನು ಮಾತ್ರ. ಮೈಮೇಲೆ ಎರಗುವುದನ್ನು, ನೆಲಕ್ಕೆ ಕೆಡವಿ ಹೆದರಿಸುವುದನ್ನು ಅದು ತಡೆಯದು, ಜೊತೆಗೆ ಕುಕ್ಕೆ ತೊಟ್ಟ ನಾಯಿ ತನ್ನನ್ನು ತಾನು ಕಾಪಾಡಿಕೊಳ್ಳಲೂ ಆಗದು. ಆದ್ದರಿಂದ ಕುಕ್ಕೆಯ ಬಳಕೆ ರಸ್ತೆಯ ನಡಿಗೆಗೆ ಮತ್ತು ಆಸ್ಪತ್ರೆಯ ಭೇಟಿಗೆ ಇರಲಿ. ಕಚ್ಚುವ ನಾಯಿಯನ್ನು ಪಾರ್ಕಿಗೆ ತರಲು ಅದು ಪರವಾನಗಿಯಾಗಬಾರದು.

ಇನ್ನೊಂದು ಪರೀಕ್ಷೆಯಿದೆ. ಬೇರೆ ನಾಯಿಯೊಂದಿಗೆ ಆಟದ ಭರದಲ್ಲಿರುವಾಗ ನೀವು ಒಮ್ಮೆ ಕೂಗಿದರೆ ನಿಮ್ಮ ನಾಯಿ ತಿರುಗಿ ಬರುತ್ತದೆಯೇ? ಮನೆಯೊಳಗೆ ಬರುವುದು ಲೆಕ್ಕಕ್ಕಿಲ್ಲ. ಲೀಶ್ ಬಿಚ್ಚಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಹಗ್ಗವೆಂದರೆ ಆ ಕರೆಯೊಂದೇ. ಆ ಕರೆಗೆ ನಾಯಿ ಬರದಿದ್ದರೆ ಸುಮಾರು ಹತ್ತು ಮೀಟರ್ ಉದ್ದದ ಲೀಶ್ ಕಟ್ಟಿ, ನಾಯಿಗಳಿಲ್ಲದ ಬಯಲಿನಲ್ಲಿ ಮೊದಲು ಅಭ್ಯಾಸ ಮಾಡಿಸಬೇಕು.

ಗೇಟಿನಲ್ಲಿ

ಜಗಳಗಳು ಹೊತ್ತಿಕೊಳ್ಳುವ ಜಾಗ ಪಾರ್ಕಿನ ನಡುಭಾಗಕ್ಕಿಂತ ಹೆಚ್ಚಾಗಿ ಅದರ ಬಾಗಿಲು. ಹೊಸ ನಾಯಿ ಬಂದೊಡನೆ ಒಳಗಿರುವವು ಒಟ್ಟಾಗಿ ನುಗ್ಗಿಬಂದು ಅದನ್ನು ಬೇಲಿಯ ಮೂಲೆಗೆ ಒತ್ತಿ ಮೂಸತೊಡಗುತ್ತವೆ. ಆದ್ದರಿಂದ ಹೊರಗೇ ಒಂದೆರಡು ನಿಮಿಷ ನಿಂತು ಒಳಗಿನ ಗುಂಪನ್ನು ನೋಡಬೇಕು, ಗುಂಪು ಚದುರುವವರೆಗೆ ಕಾಯಬೇಕು. ಒಳಗಿರುವ ಮಾಲೀಕರ ಕರ್ತವ್ಯವೂ ಇದೆ: ಹೊಸಬರು ಬಂದಾಗ ತಮ್ಮ ನಾಯಿಯನ್ನು ಗೇಟಿನಿಂದ ದೂರಕ್ಕೆ ಕರೆದುಕೊಳ್ಳುವುದು. ಎರಡು ಗೇಟುಗಳಿರುವ ಪಾರ್ಕಿನಲ್ಲಿ ನಡುವಿನ ಕಟಕಟೆಯಲ್ಲೇ ಲೀಶ್ ಬಿಚ್ಚಿಬಿಡಬೇಕು; ಬಿಟ್ಟ ನಾಯಿಗಳ ನಡುವೆ ಕಟ್ಟಿದ ನಾಯಿ ತಾನಾಗಿ ದೂರ ಸರಿಯಲಾರದೆ, ಬಿಗಿದ ಲೀಶ್‌ನಿಂದಲೇ ಇನ್ನಷ್ಟು ಕೆರಳುತ್ತದೆ. ಮುಳ್ಳಿನ ಕಾಲರ್, ಬಿಗಿಯುವ ಸರಪಳಿ ಇದ್ದರೆ ತೆಗೆದಿಡಬೇಕು, ಆಟದಲ್ಲಿ ಇನ್ನೊಂದು ನಾಯಿಯ ಹಲ್ಲೋ ಕಾಲೋ ಅವುಗಳಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕ ನಾಯಿಗಳಿಗೆ ಬೇರೆ ಆವರಣವಿದ್ದರೆ ಅದನ್ನು ಗೌರವಿಸಬೇಕು, ಏಕೆಂದರೆ ಕಿರುಚುತ್ತ ಓಡುವ ಪುಟ್ಟ ನಾಯಿಯನ್ನು ಕಂಡು ಸಾಧು ಸ್ವಭಾವದ ದೊಡ್ಡ ನಾಯಿಯಲ್ಲೂ ಬೇಟೆಯ ಪ್ರವೃತ್ತಿ ಕೆರಳಬಹುದು.

ಕಣ್ಣು ನಾಯಿಯ ಮೇಲಿರಲಿ

ಆಟದಲ್ಲಿರುವ ನಾಯಿಯ ಮೈ ಸಡಿಲವಾಗಿರುತ್ತದೆ, ಬಾಯಿ ಅರೆತೆರೆದಿರುತ್ತದೆ, ಓಟ ಬಳುಕುತ್ತದೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಮೇಲೆತ್ತುವುದು ಆಟಕ್ಕೆ ಕರೆಯುವ ಭಂಗಿ. ಬೆನ್ನಟ್ಟಿದ್ದು ಸ್ವಲ್ಪ ಹೊತ್ತಿಗೆ ಬೆನ್ನಟ್ಟಿಸಿಕೊಳ್ಳುತ್ತದೆ, ಮೇಲಿದ್ದದ್ದು ಕೆಳಗಾಗುತ್ತದೆ, ನಡುನಡುವೆ ಎರಡೂ ನಿಂತು ಮೈ ಕೊಡವಿಕೊಳ್ಳುತ್ತವೆ. ಇದು ಕಾದಾಟದ ಕಡೆಗೆ ಹೊರಳುವಾಗ ಬದಲಾವಣೆ ಬಹಳ ಸದ್ದಿಲ್ಲದೆ ಆಗುತ್ತದೆ. ಬಾಯಿ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಮೈಯೆಲ್ಲ ಸೆಟೆದು, ನಾಯಿ ಒಂದು ಕ್ಷಣ ಅಲುಗದೆ ನಿಲ್ಲುತ್ತದೆ. ಮುಖ ಒಂದು ಕಡೆಗಿದ್ದು ಕಣ್ಣು ಇನ್ನೊಂದು ಕಡೆಗೆ ಹೊರಳಿ, ಬಿಳಿಭಾಗ ಗೆರೆಯಂತೆ ಕಾಣುತ್ತದೆ, ಅಥವಾ ರೆಪ್ಪೆ ಮಿಟುಕಿಸದೆ ಎದುರಿನದನ್ನೇ ದಿಟ್ಟಿಸುತ್ತದೆ. ಬಾಲ ನೆಟ್ಟಗೆ ಮೇಲೆದ್ದು ತುದಿ ಮಾತ್ರ ಬೇಗಬೇಗ ಅದುರುತ್ತದೆ. ಬಾಲ ಅಲ್ಲಾಡುತ್ತಿದೆ ಎಂದ ಮಾತ್ರಕ್ಕೆ ನಾಯಿ ಖುಷಿಯಾಗಿದೆ ಎನ್ನುವ ನಂಬಿಕೆಯಿಂದ ಆಗಿರುವ ಅನಾಹುತ ಸಣ್ಣದಲ್ಲ. ಬೆನ್ನಿನ ಕೂದಲು ನಿಮಿರುವುದು ಮಾತ್ರ ಉದ್ರೇಕದ ಗುರುತೇ ಹೊರತು ಅದೊಂದರಿಂದಲೇ ಆಕ್ರಮಣವೆಂದು ಹೇಳಲಾಗದು.

ಸಂಶಯ ಬಂದಾಗ ಮಾಡಬಹುದಾದ ಸುಲಭ ಪರೀಕ್ಷೆಯೆಂದರೆ, ಜೋರು ಮಾಡುತ್ತಿರುವ ನಾಯಿಯನ್ನು ಕರೆದು ಕೆಲವು ಸೆಕೆಂಡು ಹಿಡಿದು ನಿಲ್ಲಿಸುವುದು. ಇನ್ನೊಂದು ನಾಯಿ ತಾನಾಗಿ ಮರಳಿ ಬಂದರೆ ಅದು ಆಟವೇ. ಬಿಟ್ಟರೆ ಸಾಕೆಂದು ಬಾಲ ಮುದುರಿ ಮಾಲೀಕರ ಕಾಲಿನ ಹಿಂದೆ ಅವಿತರೆ ಅಲ್ಲ. ನಿಮ್ಮ ನಾಯಿ ಗುರುಗುಟ್ಟಿದರೆ ಅದಕ್ಕೆ ಹೊಡೆಯಬಾರದು, ಗದರಿಸಲೂಬಾರದು. ಗುರುಗುಟ್ಟುವುದು ಎಚ್ಚರಿಕೆ, ಮತ್ತು ಎಚ್ಚರಿಸಿದ್ದಕ್ಕೆ ಏಟು ತಿಂದ ನಾಯಿ ಮುಂದೆ ಎಚ್ಚರಿಸದೆಯೇ ಕಚ್ಚಲು ಕಲಿಯುತ್ತದೆ. ಅದನ್ನು ದೂರಕ್ಕೆ ಕರೆದೊಯ್ಯಬೇಕು, ಅಷ್ಟೇ. ಒಂದೇ ಭೇಟಿಯಲ್ಲಿ ಎರಡನೆಯ ಸಲ ಕರೆದೊಯ್ಯಬೇಕಾಗಿ ಬಂದರೆ ಲೀಶ್ ಹಾಕಿ ಮನೆಗೆ ಹೊರಡಬೇಕು. ‘ಅವುಗಳೇ ಬಗೆಹರಿಸಿಕೊಳ್ಳಲಿ’ ಎಂದು ನಿಲ್ಲುವುದು, ಬೆಂಚಿನಲ್ಲಿ ಕುಳಿತು ಫೋನು ನೋಡುವುದು, ಈ ಎರಡನ್ನೂ ನಾನು ನಿರ್ಲಕ್ಷ್ಯದ ಒಂದೇ ಸಾಲಿನಲ್ಲಿ ಇಡುತ್ತೇನೆ.

ಕಾದಾಟ ನಡೆದೇಬಿಟ್ಟರೆ

ಕೊರಳಪಟ್ಟಿಗೆ ಕೈ ಹಾಕುವುದು ಎಲ್ಲರಿಗೂ ಮೊದಲು ತೋಚುವ ಉಪಾಯ, ಮನುಷ್ಯರಿಗೆ ಹೆಚ್ಚು ಕಡಿತ ಬೀಳುವುದೂ ಅಲ್ಲೇ. ರೊಚ್ಚಿಗೆದ್ದ ನಾಯಿ ಮುಟ್ಟಿದ್ದು ಯಾರೆಂದು ನೋಡದೆ ತಿರುಗಿ ಕಚ್ಚುತ್ತದೆ. ಮೊದಲು ಜೋರಾದ ಸದ್ದು ಮಾಡಬೇಕು, ತಲೆಯ ಮೇಲೆ ನೀರು ಸುರಿಯಬೇಕು, ಹಲಗೆಯನ್ನೋ ಕುರ್ಚಿಯನ್ನೋ ಎರಡರ ನಡುವೆ ತೂರಿಸಬೇಕು. ಇವು ಫಲಿಸದಿದ್ದರೆ ಇಬ್ಬರು ಒಂದೇ ಸಲಕ್ಕೆ, ತಮ್ಮ ತಮ್ಮ ನಾಯಿಯ ಹಿಂಗಾಲುಗಳ ಮೇಲ್ಭಾಗವನ್ನು ಹಿಡಿದೆತ್ತಿ, ಅರೆವೃತ್ತವಾಗಿ ಹಿಂದಕ್ಕೆ ನಡೆಯುವ ಕ್ರಮವಿದೆ. ಅದು ಅಪಾಯವಿಲ್ಲದ್ದೇನಲ್ಲ; ಒಬ್ಬರೇ ಮಾಡಿದರಂತೂ ಹಿಡಿಸಿಕೊಂಡ ನಾಯಿಯೇ ಪೆಟ್ಟು ತಿನ್ನುತ್ತದೆ. ಒಂದು ಇನ್ನೊಂದನ್ನು ಕಚ್ಚಿ ಹಿಡಿದಿರುವಾಗ ಎಳೆಯಲೇಬಾರದು, ಎಳೆದಷ್ಟೂ ಮಾಂಸ ಸೀಳುತ್ತದೆ. ಮಕ್ಕಳನ್ನು ಕೂಡಲೇ ಹೊರಗೆ ಕಳುಹಿಸಬೇಕು.

ಬಿಡಿಸಿದ ಮೇಲೆ ಎರಡಕ್ಕೂ ಲೀಶ್ ಹಾಕಿ ಒಂದಕ್ಕೊಂದು ಕಾಣದಷ್ಟು ದೂರ ಒಯ್ಯಬೇಕು. ನಿಮ್ಮ ನಾಯಿ ಕಚ್ಚಿದ್ದರೆ ಅಲ್ಲಿಂದ ಕಾಲು ಕೀಳುವಂತಿಲ್ಲ. ನಿಮ್ಮ ಹೆಸರು, ಫೋನ್ ನಂಬರು, ನಾಯಿಯ ರೇಬೀಸ್ ಲಸಿಕೆಯ ವಿವರ ಇವುಗಳನ್ನು ಎದುರಿನವರು ಕೇಳುವ ಮೊದಲೇ ಕೊಡಬೇಕು, ತಪ್ಪು ಯಾರದೆಂಬ ವಾದವನ್ನು ಆಮೇಲಿಗೆ ಬಿಡಬೇಕು. ನಾಯಿಯ ಗಾಯ ಹೊರಗೆ ಸಣ್ಣ ತೂತಿನಂತೆ ಕಂಡರೂ ಚರ್ಮದ ಕೆಳಗೆ ಸ್ನಾಯು ಹರಿದಿರಬಹುದು, ಆದ್ದರಿಂದ ರಕ್ತ ನಿಂತಿತೆಂದು ಸುಮ್ಮನಾಗದೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಮನುಷ್ಯರಿಗೆ ಕಚ್ಚಿದ್ದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ತಡಮಾಡದೆ ವೈದ್ಯರ ಬಳಿ ಹೋಗಬೇಕು. ರೇಬೀಸ್ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನು ನಿರ್ಧರಿಸುವುದು ಅವರ ಕೆಲಸ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪವಾದ್ದರಿಂದ ಇಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಕಚ್ಚಿದ ನಾಯಿಯನ್ನು 10 ದಿನ ನಿಗಾದಲ್ಲಿಡುವುದು ರೂಢಿಯಲ್ಲಿರುವ ಕ್ರಮ, ಮತ್ತು ಆ ನಿಗಾಕ್ಕೆ ಒಪ್ಪಿ ಸಹಕರಿಸುವುದು ಮಾಲೀಕರ ಹೊಣೆ.

ಕಾನೂನಿನ ಕಣ್ಣಿನಲ್ಲಿ

‘ನಿಮ್ಮ ಸ್ವಂತ ಜವಾಬ್ದಾರಿಯ ಮೇಲೆ ಪ್ರವೇಶಿಸಿ’ ಎಂಬ ಫಲಕ ಗೇಟಿನಲ್ಲಿ ಇದ್ದ ಮಾತ್ರಕ್ಕೆ ಕಚ್ಚಿದ ನಾಯಿಯ ಮಾಲೀಕರು ಪಾರಾದರೆಂದು ಭಾವಿಸಬಾರದು. ಕಾನೂನುಗಳು ಸ್ಥೂಲವಾಗಿ ಎರಡು ಬಗೆ. ಕ್ಯಾಲಿಫೋರ್ನಿಯದಂಥ ಕಡೆ ನಾಯಿ ಸಾರ್ವಜನಿಕ ಸ್ಥಳದಲ್ಲಿ ಮನುಷ್ಯರನ್ನು ಕಚ್ಚಿದರೆ, ಅದು ಹಿಂದೆ ಕಚ್ಚಿತ್ತೇ, ಮಾಲೀಕರಿಗೆ ಅದು ತಿಳಿದಿತ್ತೇ ಎಂದು ನೋಡದೆ ಅವರನ್ನೇ ಹೊಣೆಯಾಗಿಸುತ್ತಾರೆ. ಬೇರೆ ಕೆಲವು ಕಡೆ ನಾಯಿಯ ಸ್ವಭಾವ ಮಾಲೀಕರಿಗೆ ಮೊದಲೇ ಗೊತ್ತಿತ್ತೇ ಎಂಬುದು ಮುಖ್ಯವಾಗುತ್ತದೆ, ಹಾಗಾಗಿ ಮೊದಲ ಕಡಿತದ ನಂತರ ಅದೇ ನಾಯಿಯನ್ನು ಪಾರ್ಕಿನಲ್ಲಿ ಬಿಟ್ಟವರ ಸ್ಥಿತಿ ಬಹಳ ದುರ್ಬಲವಾಗುತ್ತದೆ. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಂತೂ ಕಚ್ಚುವವರೆಗೂ ಕಾಯುವುದಿಲ್ಲ. ನಾಯಿ ತನಗೆ ಗಾಯ ಮಾಡೀತೆಂದು ಒಬ್ಬರು ಸಕಾರಣವಾಗಿ ಹೆದರಿದರೂ ಅದು ಅಪಾಯಕಾರಿಯಾಗಿ ಹತೋಟಿ ತಪ್ಪಿದಂತೆಯೇ. ನಿಮ್ಮ ಊರಿನ ನಿಯಮವನ್ನೂ, ಮೂರನೆಯವರಿಗಾದ ಹಾನಿಗೆ ವಿಮೆ ಸಿಗುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಡುವುದು ಒಳ್ಳೆಯದು.

ಆಮೇಲಿನ ದಾರಿ

ಕಚ್ಚಿದ ನಾಯಿಯ ಬಾಳು ಅಲ್ಲಿಗೆ ಮುಗಿಯಿತೆಂದಲ್ಲ. ಪಶುವೈದ್ಯ ಇಯಾನ್ ಡನ್ಬಾರ್ ರೂಪಿಸಿದ ಆರು ಹಂತಗಳ ಅಳತೆಗೋಲಿನಲ್ಲಿ ಮೊದಲನೆಯದು ಹಲ್ಲು ತಾಗದ ಎಗರಾಟ, ಎರಡನೆಯದು ಹಲ್ಲು ತಾಗಿಯೂ ಚರ್ಮ ತೂತಾಗದ ಕಡಿತ. ಮೂರನೆಯದರಲ್ಲಿ ಒಂದೇ ಕಡಿತದಿಂದ ಆದ ಒಂದರಿಂದ ನಾಲ್ಕು ತೂತುಗಳು ಕೋರೆಹಲ್ಲಿನ ಅರ್ಧ ಉದ್ದಕ್ಕಿಂತ ಆಳವಾಗಿರುವುದಿಲ್ಲ. ನಾಲ್ಕನೆಯದರಿಂದ ಮುಂದಕ್ಕೆ ಅಪಾಯ ಬಹಳ ಏರುತ್ತದೆ. ಗಾಯದ ಚಿತ್ರ ತೆಗೆದು, ಅದಕ್ಕೂ ಮುಂಚಿನ ನಿಮಿಷಗಳಲ್ಲಿ ಏನೇನಾಯಿತೆಂದು ಅಂದೇ ಬರೆದಿಟ್ಟರೆ, ವರ್ತನಾ ತಜ್ಞರಿಗೆ ‘ಸುಮ್ಮನೆ ಬಾಯಿ ಹಾಕಿತು’ ಎಂಬ ಮಾತಿಗಿಂತ ಅದು ಎಷ್ಟೋ ಉಪಯುಕ್ತ. ಓಟದ ಅಗತ್ಯಕ್ಕೆ ಬೇರೆ ನಾಯಿಗಳಿಲ್ಲದ ಬೇಲಿ ಹಾಕಿದ ಜಾಗ, ಉದ್ದನೆಯ ಲೀಶ್‌ನ ನಡಿಗೆ, ಪರಿಚಿತವಾದ ಒಂದು ಶಾಂತ ನಾಯಿಯ ಜೊತೆ ಅಂತರವಿಟ್ಟು ಸಮಾನಾಂತರವಾಗಿ ನಡೆಯುವುದು ಇವು ಸಾಕಾಗುತ್ತವೆ. ನಾಯಿಯನ್ನು ಬೇರೊಬ್ಬರು ಸುತ್ತಾಡಿಸುವಾಗ ಅಥವಾ ಅನಿವಾರ್ಯವಾಗಿ ಇನ್ನೊಂದು ಮನೆಗೆ ಒಪ್ಪಿಸುವಾಗ ಅದು ಕಚ್ಚಿದ ಸಂಗತಿಯನ್ನು, ಯಾವಾಗ, ಯಾರನ್ನು, ಯಾವ ಸಂದರ್ಭದಲ್ಲಿ ಎಂಬುದರ ಸಮೇತ, ಬರಹದಲ್ಲೇ ತಿಳಿಸಬೇಕು.